ಮುನಿಕೃಷ್ಣಮ್ಮನ ಮರೂನ್ ಗೌನು

ಒಗೆಯಲು ಹಾಕಿದ್ದ ಲಂಗದ ಮೇಲೆ ಕೆಂಪು ಕಲೆ ಕಂಡಾಗ ಬಿಂದುಶ್ರೀ ಅದನ್ನು ಎಲೆಅಡಿಕೆಯ ಕರೆ ಅಂದುಕೊಂಡಳು. ಅತ್ತೆಗೆ ಊಟವಾದ ಮೇಲೆ ಎಲೆ ಹಾಕುವ ಅಭ್ಯಾಸವಿತ್ತು. ಆದರೆ ಕಲೆಯಿದ್ದದ್ದು ಲಾಡಿ ತೂರಿಸುವ ಪಟ್ಟಿಯಲ್ಲಿ, ಸರಿಯಾಗಿ ಗಂಟು ಬೀಳುವ ಜಾಗದಲ್ಲಿ. ಬಕೆಟ್ಟಿನಲ್ಲಿದ್ದ ಇನ್ನೊಂದು ಲಂಗವನ್ನು ಎತ್ತಿ ನೋಡಿದಳು. ಅಲ್ಲೂ ಅದೇ ಜಾಗ, ಅದೇ ಬಣ್ಣ. ಕೈಯಲ್ಲಿದ್ದ ಸೋಪಿನ ನೊರೆಯನ್ನೂ ತೊಳೆದುಕೊಳ್ಳದೆ ಒಳಗೆ ಬಂದಳು.

"ಅತ್ತೆ, ಒಂದ್ಸಲ ಸೊಂಟ ತೋರ್ಸಿ."

ಮುನಿಕೃಷ್ಣಮ್ಮ ಅವರೇಕಾಯಿ ಸುಲಿಯುತ್ತಿದ್ದವಳು ತಲೆಯೆತ್ತಿದಳು. "ಏನೇ ಇದು? ಸೊಸೆ ಮುಂದೆ ಸೊಂಟ ಬಿಟ್ಕೊಂಡು ನಿಂತ್ಕೊಳ್ಳಾ?"

"ರಕ್ತ ಬರ್ತಾ ಇದೆ ನಿಮಗೆ. ಎಷ್ಟ್ ದಿನದಿಂದ?"

"ಕಜ್ಜಿ ಕಣೆ. ಕೆರ್ಕೊಂಡಿರ್ತೀನಿ. ಓಗು, ಬಟ್ಟೆ ಒಗಿ."

ಬಿಂದುಶ್ರೀ ಹೋಗಲಿಲ್ಲ. ಮೂರು ವರ್ಷದ ಹಿಂದೆ ಸೊಸೆಯಾಗಿ ಬಂದ ದಿನದಿಂದ ಅವಳು ಅತ್ತೆಯ ಮಾತಿಗೆ ಎದುರಾಡಿದವಳಲ್ಲ. ಅವತ್ತು ಮಾತ್ರ ಬಾಗಿಲಿಗೆ ಅಡ್ಡ ನಿಂತಳು. ಕೊನೆಗೆ ಮುನಿಕೃಷ್ಣಮ್ಮ ಗೊಣಗುತ್ತಲೇ ಎದ್ದು, ಸೀರೆ ಸರಿಸಿ, ಲಾಡಿ ಸಡಿಲಿಸಿದಳು. ಬಲಗಡೆ ಸೊಂಟದ ಮೇಲೆ ಎರಡು ಬೆರಳಗಲದ ಹುಣ್ಣು. ಅಂಚು ಗಟ್ಟಿಯಾಗಿ ಎದ್ದು ನಿಂತಿತ್ತು, ನಡುವೆ ಹಸಿ ಮಾಂಸ. ಬಿಂದುಶ್ರೀ ಹೋಗಿ ಗಂಡ ಮನೋಹರನಿಗೆ ಫೋನು ಮಾಡಿದಳು.

ಮುನಿಕೃಷ್ಣಮ್ಮನಿಗೆ ಐವತ್ತಾರು ವರ್ಷ. ಅಲ್ಲಾಳಸಂದ್ರದಲ್ಲೇ ಹುಟ್ಟಿ, ಅಲ್ಲೇ ಮೂರು ಬೀದಿ ಆಚೆಯ ಮನೆಗೆ ಸೊಸೆಯಾದವಳು. ಗಂಡ ವೆಂಕಟಸ್ವಾಮಿ ಲಾರಿ ಓಡಿಸುತ್ತಿದ್ದವನು, ಈಗ ಮಂಡಿನೋವಿನಿಂದ ಮನೆಯಲ್ಲಿದ್ದ. ಆಕೆ ಹತ್ತೊಂಬತ್ತು ವರ್ಷದಿಂದ ಯಲಹಂಕದ ಒಂದು ಖಾಸಗಿ ಶಾಲೆಯಲ್ಲಿ ಆಯಾ. ಬೆಳಿಗ್ಗೆ ಆರೂಕಾಲಿಗೆ ಶಾಲೆಯ ಬಸ್ಸು ಹತ್ತಿ, ಜಾಲಹಳ್ಳಿಯವರೆಗೆ ಹೋಗಿ, ದಾರಿಯುದ್ದಕ್ಕೂ ಮಕ್ಕಳನ್ನು ಎತ್ತಿ ಹತ್ತಿಸಿಕೊಂಡು ಬರುವುದು. ಮಧ್ಯಾಹ್ನ ಅದೇ ಮಕ್ಕಳನ್ನು ಇಳಿಸಿ ಬರುವುದು. ಎತ್ತುವಾಗ ಬಗ್ಗುವಾಗ ಸೀರೆ ಜಾರಬಾರದು. ಅದಕ್ಕೆ ಲಾಡಿಯನ್ನು ಉಸಿರು ಹಿಡಿದು ಬಿಗಿಯುತ್ತಿದ್ದಳು. ಸೊಂಟದ ಸುತ್ತ ಕಪ್ಪು ಪಟ್ಟೆ ಬಿದ್ದದ್ದು ಮದುವೆಯಾದ ಹೊಸದರಲ್ಲೇ. ತಾಯಿಗೂ ಇತ್ತು, ಅಜ್ಜಿಗೂ ಇತ್ತು. ಅದನ್ನು ಯಾರೂ ರೋಗ ಅನ್ನುತ್ತಿರಲಿಲ್ಲ. ಆಮೇಲೆ ನವೆ ಶುರುವಾಯಿತು, ಸಿಪ್ಪೆ ಏಳತೊಡಗಿತು. ಎರಡು ವರ್ಷದಿಂದ ಹುಣ್ಣು. ಕೊಬ್ಬರಿ ಎಣ್ಣೆ, ಅರಿಶಿನ, ಮೆಡಿಕಲ್ ಸ್ಟೋರಿನ ಖಾದರ್ ಬಾಷಾ ಕೊಟ್ಟ ಮುಲಾಮು ಎಲ್ಲ ಆಯಿತು. ಮೂರನೆಯ ಟ್ಯೂಬು ಕೇಳಲು ಹೋದಾಗ ಖಾದರ್ ಬಾಷಾ, "ಡಾಕ್ಟ್ರಿಗೆ ತೋರ್ಸಮ್ಮ, ಇನ್ ನಾನ್ ಕೊಡಲ್ಲ" ಅಂದಿದ್ದ. ಆಕೆ ಸಿಟ್ಟಾಗಿ ಬೇರೆ ಅಂಗಡಿ ಹಿಡಿದಿದ್ದಳು.

ಯಲಹಂಕದ ಡಾಕ್ಟರೊಬ್ಬರು ಬರೆದು ಕಳಿಸಿದ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ನೋಡಿದ ಸರ್ಜನ್ ಧನುಶ್ರೀ ಎಂಬ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕೈಗವಸು ಹಾಕಿಕೊಂಡು ಹುಣ್ಣಿನ ಅಂಚು ಮುಟ್ಟಿ, ತೊಡೆಯ ಸಂದಿಯಲ್ಲಿ ಗಂಟು ಇದೆಯೇ ಎಂದು ಒತ್ತಿ ನೋಡಿದರು.

"ಲಾಡಿ ತುಂಬ ಬಿಗಿಯಾಗಿ ಕಟ್ತೀರಾ ಅಮ್ಮ?"

"ಬಿಗಿಯಾಗ್ ಕಟ್ದೆ? ಬಸ್ ಮೆಟ್ಲ ಮೇಲೆ ಸೀರೆ ಬಿದ್ದೋದ್ರೆ ನೀವ್ ಬಂದು ಉಡಿಸ್ತೀರಾ?"

ಡಾಕ್ಟರು ನಕ್ಕರು. ಹುಣ್ಣಿನ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಎಂಟು ದಿನ ಬಿಟ್ಟು ಹೋದಾಗ ನಗಲಿಲ್ಲ. ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಇದು ಚರ್ಮದ ಕ್ಯಾನ್ಸರ್ ಎಂದು ನಿಧಾನವಾಗಿ ಹೇಳಿದರು. ಲಾಡಿ ಕಟ್ಟಿದವರಿಗೆಲ್ಲ ಬರುವುದಿಲ್ಲ, ಬಹಳ ಅಪರೂಪ. ಆದರೆ ವರ್ಷಗಟ್ಟಲೆ ಒಂದೇ ಜಾಗ ಉಜ್ಜಿ, ಹುಣ್ಣಾಗಿ, ಅದು ವಾಸಿಯಾಗದೆ ಉಳಿದರೆ ಹೀಗೂ ಆಗುತ್ತದೆ. ಕೊಯ್ದು ತೆಗೆಯಬೇಕು. ಬೇಗ ತೆಗೆಯಬೇಕು.

ಮನೋಹರ ಗೋಡೆ ನೋಡುತ್ತ ನಿಂತುಬಿಟ್ಟ. ಬಿಂದುಶ್ರೀ ಅತ್ತೆಯ ಕೈ ಹಿಡಿದುಕೊಂಡಳು. ಮುನಿಕೃಷ್ಣಮ್ಮ ಆ ಕೈ ಬಿಡಿಸಿಕೊಂಡು ಕೇಳಿದಳು:

"ಬೀಡಿ ಕಟ್ಟಿನ್ ಮೇಲೆ ಬರೀತಾರೆ, ಸಿಗರೇಟ್ ಪ್ಯಾಕ್ ಮೇಲೆ ಬರೀತಾರೆ, ಗುಟ್ಕಾ ಮೇಲೆ ಬರೀತಾರೆ. ಲಂಗದ್ ಮೇಲೆ ಯಾಕ್ ಯಾರೂ ಬರೀಲಿಲ್ಲ?"

ಡಾಕ್ಟರು, "ಬರೀಬೇಕಿತ್ತು" ಅಂದರು.

ವಾಪಸು ಬರುವಾಗ ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಬಸ್ಸು ಮುಕ್ಕಾಲು ಗಂಟೆ ಸಿಕ್ಕಿಹಾಕಿಕೊಂಡಿತು. ಮುನಿಕೃಷ್ಣಮ್ಮ ಕಿಟಕಿಯ ಸರಳನ್ನು ಬೆರಳು ಬಿಳಿಚುವಷ್ಟು ಬಿಗಿಯಾಗಿ ಹಿಡಿದು ಕೂತಿದ್ದಳು. ಹೆದರಿಕೆ ಇರಲಿಲ್ಲವೆಂದಲ್ಲ. ಯು.ಕೆ.ಜಿ.ಯ ಹರ್ಷಿತಾಗೆ ಬಸ್ಸಿನಲ್ಲಿ ವಾಂತಿಯಾಗುತ್ತದೆ, ಬೇರೆ ಆಯಾ ಬಂದರೆ ಅವಳಿಗೆ ಕಿಟಕಿ ಸೀಟು ಬಿಡಿಸಿಕೊಡುತ್ತಾಳೋ ಇಲ್ಲವೋ ಎನ್ನುವುದು ಕೂಡ ಆ ಹೊತ್ತಿನಲ್ಲೇ ತಲೆಗೆ ಬಂತು. ಆದರೆ ಎಲ್ಲಕ್ಕಿಂತ ಮೇಲೆ ಸಿಟ್ಟಿತ್ತು. ಕುಡಿದವಳಲ್ಲ, ಸೇದಿದವಳಲ್ಲ, ಮಾನವಾಗಿ ಸೀರೆ ಉಟ್ಟಿದ್ದಕ್ಕೆ ಇದಾ?

ಆಪರೇಷನ್ ದಿನ ಬೆನ್ನಿಗೆ ಸೂಜಿ ಕೊಟ್ಟರು. ಸೊಂಟದಿಂದ ಕೆಳಗೆ ದೇಹ ತನ್ನದಲ್ಲ ಅನ್ನಿಸಿತು, ಕಿವಿ ಮಾತ್ರ ಎಲ್ಲ ಕೇಳುತ್ತಿತ್ತು. ಹುಣ್ಣಿನ ಸುತ್ತ ಚೆನ್ನಾಗಿರುವ ಚರ್ಮವನ್ನೂ ಸೇರಿಸಿ ಅಂಗೈಯಗಲ ತೆಗೆದರು. ತೊಡೆಯಿಂದ ತೆಳುವಾಗಿ ಚರ್ಮ ಹೆರೆದು ಅಲ್ಲಿಗೆ ಹೊದಿಸಿದರು. ಹಸಿರು ಪರದೆಯ ಈಚೆಗೆ ಮುನಿಕೃಷ್ಣಮ್ಮ ಒಮ್ಮೆ ಮಾತ್ರ ಬಾಯಿಬಿಟ್ಟಳು: "ಪೂರ್ತಿ ತೆಗೀರಿ ಡಾಕ್ಟ್ರೆ. ಮತ್ತೆ ಬಾ ಅನ್ನಂಗಿಲ್ಲ."

ಐದು ದಿನ ಆ ಕಟ್ಟು ಬಿಚ್ಚುವಂತಿರಲಿಲ್ಲ, ಬಲಕ್ಕೆ ಹೊರಳುವಂತಿರಲಿಲ್ಲ. ವಿಚಿತ್ರವೆಂದರೆ ಕೊಯ್ದ ಜಾಗಕ್ಕಿಂತ ಚರ್ಮ ಕೊಟ್ಟ ತೊಡೆಯೇ ಹೆಚ್ಚು ಉರಿಯುತ್ತಿತ್ತು, ಕಾದ ಹೆಂಚು ತಾಗಿಸಿದ ಹಾಗೆ. "ತಪ್ ಮಾಡಿದ್ದು ಸೊಂಟ, ಬಡ್ಕೊಳ್ತಿರೋದು ತೊಡೆ" ಎಂದು ಪಕ್ಕದ ಹಾಸಿಗೆಯವಳಿಗೆ ಹೇಳಿ ನಗಿಸಿದಳು. ಆಮೇಲೆ ಗೋಡೆ ಕಡೆ ಮುಖ ಮಾಡಿ ಸೆರಗಿಲ್ಲದ ಆಸ್ಪತ್ರೆ ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಂಡಳು.

ಐದನೆಯ ದಿನ ಕಟ್ಟು ಬಿಚ್ಚಿದಾಗ ಡಾಕ್ಟರ ಮುಖ ಅರಳಿತು. "ಹಿಡ್ಕೊಂಡಿದೆ ಅಮ್ಮ. ಚೆನ್ನಾಗಿ ಹಿಡ್ಕೊಂಡಿದೆ." ಮುನಿಕೃಷ್ಣಮ್ಮ ತನಗೂ ತೋರಿಸಬೇಕೆಂದು ಹಟ ಹಿಡಿದಳು. ಬಿಂದುಶ್ರೀ ಮೊಬೈಲಿನಲ್ಲಿ ಫೋಟೋ ತೆಗೆದು ಕೊಟ್ಟಳು. ಸೊಂಟದಲ್ಲಿ ಒಂದು ತಗ್ಗು, ಅದರ ಮೇಲೆ ಗುಲಾಬಿ ಬಣ್ಣದ, ಬಲೆ ಬಲೆಯಂಥ ಚರ್ಮ. ಬಹಳ ಹೊತ್ತು ನೋಡಿ, "ಕೆರೆ ಬತ್ತಿ ಬಿರುಕು ಬಿಟ್ಟಂಗೈತೆ" ಅಂದಳು. "ಇರ್ಲಿ ಬಿಡು. ಐತಲ್ಲ, ಅದೇ ಸಾಕು."

ತೆಗೆದ ಮಾಂಸದ ಅಂಚಿನಲ್ಲಿ ರೋಗವಿರಲಿಲ್ಲ. ಬೇರೆಲ್ಲೂ ಹರಡಿರಲಿಲ್ಲ. ಮೂರು ತಿಂಗಳಿಗೊಮ್ಮೆ ತೋರಿಸಬೇಕು, ಸೊಂಟಕ್ಕೆ ಬಿಗಿಯಾದದ್ದೇನನ್ನೂ ಕಟ್ಟಬಾರದು ಎಂದು ಚೀಟಿಯಲ್ಲಿ ಬರೆದು ಕಳಿಸಿದರು.

ಮನೆಗೆ ಬಂದ ವಾರಕ್ಕೆ ವೆಂಕಟಸ್ವಾಮಿಯ ಅಕ್ಕ ಗೋಪಾಲಮ್ಮ ನಾಲ್ಕು ಎಳನೀರು ಹಿಡಿದುಕೊಂಡು ನೋಡಲು ಬಂದಳು. ನೈಟಿಯಲ್ಲಿ ಕೂತಿದ್ದ ನಾದಿನಿಯನ್ನು ಮೇಲಿಂದ ಕೆಳಗೆ ನೋಡಿ, ಮೊದಲು ಬಾಗಿಲು ಮುಂದಕ್ಕೆ ಮಾಡಿದಳು.

"ಯಾರಿಗೂ ಏಳಿಲ್ಲ ತಾನೆ?"

"ಏನ್ನ ಅತ್ತಿಗೆ?"

"ಇದೇ... ಆ ಜಾಗದಲ್ಲಿ ಅಂತ. ಜನ ಏನೇನೋ ಅಂದ್ಕೊತಾರೆ. ಗರ್ಭಕೋಶ ತೆಗೆದ್ರು ಅಂತ ಏಳ್ಬಿಡು. ಅದಾದ್ರೆ ಎಲ್ರಿಗೂ ಆಗ್ತೈತೆ."

ಮುನಿಕೃಷ್ಣಮ್ಮನ ಕಣ್ಣು ಕೆಂಪಾಯಿತು. "ನನ್ ಗರ್ಭಕೋಶ ಗಟ್ಟಿಯಾಗೈತೆ. ಪಾಪ, ಅದರ ಮೇಲ್ಯಾಕೆ ಸುಳ್ ಒರಿಸ್ಲಿ? ಲಾಡಿ ಉಜ್ಜಿ ಕ್ಯಾನ್ಸರ್ ಆಯ್ತು, ಕೊಯ್ದು ತೆಗೆದ್ರು. ಯಾರ್ ಕೇಳಿದ್ರೂ ಇದನ್ನೇ ಏಳ್ತೀನಿ. ಎಲ್ಲಿ, ನಿಮ್ದೂ ಒಂಚೂರು ತೋರ್ಸಿ ನೋಡಾನ."

ಗೋಪಾಲಮ್ಮ ಬೆಂಕಿ ತಗುಲಿದವಳ ಹಾಗೆ ಎದ್ದು, ಕೆಲಸ ಇದೆ ಅಂತ ಹೊರಟೇಹೋದಳು. ವೆಂಕಟಸ್ವಾಮಿ ಮೂಲೆಯಲ್ಲಿ ಪೇಪರು ಅಡ್ಡ ಹಿಡಿದುಕೊಂಡಿದ್ದ, ಪೇಪರು ಅಲುಗಾಡುತ್ತಿತ್ತು. ನಗುತ್ತಿದ್ದಾನೆಂದು ಹೆಂಡತಿಗೆ ಗೊತ್ತಾಯಿತು. ಆಸ್ಪತ್ರೆಯಿಂದ ಬಂದ ಮೇಲೆ ಆ ಮನೆಯಲ್ಲಿ ಮೂಡಿದ ಮೊದಲ ನಗು ಅದು.

ಎರಡೂವರೆ ತಿಂಗಳಾದ ಮೇಲೆ ಕೆಲಸಕ್ಕೆ ಹೋಗುವ ಮಾತು ಬಂತು. "ಓಗ್ಲೇಬೇಕಾ?" ಎಂದ ಗಂಡ. "ಊ. ಮನೇಲ್ ಕೂತ್ರೆ ರೋಗದವಳಾಗ್ತೀನಿ" ಎಂದಳು. ಉಡುವುದೇನು ಎನ್ನುವುದೇ ಪ್ರಶ್ನೆ. ಶಾಲೆಯಲ್ಲಿ ಆಯಾಗಳಿಗೆಲ್ಲ ಮರೂನ್ ಬಣ್ಣದ ಸೀರೆ, ಕೆನೆಬಣ್ಣದ ಅಂಚು. ಚೂಡಿದಾರ್ ಹಾಕೋಣವೆಂದರೆ ಅದಕ್ಕೂ ಲಾಡಿ. ಎಲಾಸ್ಟಿಕ್ಕಾದರೂ ಒತ್ತುವುದು ಅದೇ ಜಾಗವನ್ನು. ಬಿಂದುಶ್ರೀ ತನ್ನ ಅಕ್ಕ ಬಸುರಿಯಾಗಿದ್ದಾಗ ತೊಟ್ಟಿದ್ದ ಒಂದು ಗೌನು ತಂದು ತೋರಿಸಿದಳು. "ನೋಡಿ ಅತ್ತೆ, ಇದರ ಭಾರ ಎಲ್ಲ ಹೆಗಲ ಮೇಲೆ. ಸೊಂಟಕ್ಕೆ ಏನೂ ಇಲ್ಲ."

ಮುನಿಕೃಷ್ಣಮ್ಮ ಗೌನನ್ನು ತಿರುಗಿಸಿ ಮುರುಗಿಸಿ ನೋಡಿದಳು. ಆಮೇಲೆ ಬೀರು ತೆಗೆದು ಎರಡು ಯೂನಿಫಾರಂ ಸೀರೆ ಬಗಲಲ್ಲಿಟ್ಟುಕೊಂಡು ಯಲಹಂಕ ಹಳೇಪೇಟೆಯ ಟೈಲರ್ ಹತ್ತಿರ ಹೋದಳು. ಒಳ್ಳೆ ಸೀರೆಗೆ ಕತ್ತರಿ ಹಾಕಲು ಅವನು ಹಿಂದೆಮುಂದೆ ನೋಡಿದ. "ಹಾಕಪ್ಪ. ನಂದೇ ಕುಯ್ದವ್ರೆ, ಸೀರೆಗೇನು" ಅಂದಳು. ಕಾಲಿನವರೆಗೆ ಬರುವ ಗೌನು, ತೋಳಿಗೂ ಕೆಳಗೂ ಅದೇ ಕೆನೆಬಣ್ಣದ ಅಂಚು, ಮುಲಾಮು ಹಚ್ಚಿಕೊಳ್ಳಲು ಬಲಗಡೆ ಪಕ್ಕದಲ್ಲಿ ಮೂರು ಗುಂಡಿ, ಮತ್ತು ಎರಡು ಜೇಬು. ಹುಟ್ಟಿದಾಗಿನಿಂದ ಆಕೆಗೆ ಜೇಬೆನ್ನುವುದೇ ಇರಲಿಲ್ಲ. ಮನೆಯಲ್ಲಿ ತೊಟ್ಟು ನೋಡಿದಾಗ ಎರಡೂ ಕೈಯನ್ನು ಜೇಬಿಗಿಳಿಸಿ ನಡುಮನೆಯಲ್ಲಿ ಒಂದು ಸುತ್ತು ಹಾಕಿದಳು.

ಸೋಮವಾರ ಬೆಳಿಗ್ಗೆ ಬಸ್ಸಿನ ಡ್ರೈವರ್ ಉಮೇಶ್ ಕಣ್ಣು ಬಿಟ್ಟು ನೋಡಿ, "ಏನಮ್ಮಾ, ಹೊಸ ಲುಕ್ಕು?" ಅಂದ. "ಗೇರ್ ಹಾಕು" ಅಂದಳು. ಮಕ್ಕಳು ಹತ್ತುತ್ತಿದ್ದಂತೆ ಬಟ್ಟೆ ಮುಟ್ಟಿ ನೋಡಿದರು. ಹರ್ಷಿತಾ, "ಆಯಮ್ಮ, ನಿಮ್ದೂ ಫ್ರಾಕಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಜೇಬಿನೊಳಗೆ ಕೈ ಹಾಕಿದಳು.

ಶಾಲೆಯ ಗೇಟಿನಲ್ಲಿ ಮ್ಯಾನೇಜರ್ ವಿಜಯ್ ಕುಮಾರ್ ನಿಂತಿದ್ದ. ಸಿಬ್ಬಂದಿಯ ಶಿಸ್ತೆಲ್ಲ ಅವನ ಜವಾಬ್ದಾರಿ.

"ಇದೇನಮ್ಮ ಇದು?"

"ಯೂನಿಫಾರಂ ಸಾರ್. ನೀವೇ ಕೊಟ್ಟಿದ್ ಬಟ್ಟೆ."

"ಕೊಟ್ಟಿದ್ದು ಸೀರೆ."

"ಬಣ್ಣ ಅದೇ, ಬಾರ್ಡರ್ ಅದೇ. ಉಡೋದ್ ಬಿಟ್ಟು ತೊಟ್ಕೊಂಡಿದೀನಿ, ಅಷ್ಟೇ."

ಡಾಕ್ಟರ ಚೀಟಿ ಓದಿದಾಗ ಅವನ ದನಿ ಇಳಿಯಿತು. ಕೆಟ್ಟ ಮನುಷ್ಯನೇನಲ್ಲ. "ಪಾಪ, ಕಷ್ಟ ಪಟ್ಟಿದೀರ. ಒಂದ್ ಕೆಲ್ಸ ಮಾಡಿ. ಬಸ್ಸು, ಗೇಟು ಬೇಡ. ಹಿಂದ್ಗಡೆ ಟಾಯ್ಲೆಟ್ ಬ್ಲಾಕ್ ನೋಡ್ಕೊಳ್ಳಿ. ಪೇರೆಂಟ್ಸ್ ಕಣ್ಣಿಗೆ ಬೀಳೋದು ಬೇಡ."

"ನಾನೇನ್ ಕದ್ದಿದೀನಾ ಸಾರ್, ಮರೇಲಿ ಇರೋಕೆ?"

"ಹಂಗಲ್ಲಮ್ಮ. ಶುಕ್ರವಾರದವರೆಗೆ ಯೋಚ್ನೆ ಮಾಡಿ ಹೇಳಿ."

ಯೋಚನೆ ಮಾಡುವಂಥದ್ದು ಆಕೆಗೇನೂ ಕಾಣಲಿಲ್ಲ. ಮಧ್ಯಾಹ್ನ ಅದೇ ಬಸ್ಸು ಹತ್ತಿ ಮಕ್ಕಳನ್ನು ಬಿಟ್ಟು ಬಂದಳು.

ಮರುದಿನ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಆಯಾಗಳೆಲ್ಲ ಊಟಕ್ಕೆ ಕೂತಿದ್ದರು, ಆಕೆಯೂ ಸೇರಿ ಹದಿನಾಲ್ಕು ಜನ. ಗಾಯ ಹೇಗಿದೆ, ನೋವಿದೆಯಾ ಎಂದು ಒಬ್ಬೊಬ್ಬರು ಕೇಳುತ್ತಿದ್ದರು. ಮುನಿಕೃಷ್ಣಮ್ಮ ಎದ್ದು ಬಾಗಿಲ ಚಿಲಕ ಹಾಕಿ, ಪಕ್ಕದ ಮೂರು ಗುಂಡಿ ಬಿಚ್ಚಿ ತೋರಿಸಿದಳು.

"ಮುಚ್ಕೊಳಮ್ಮಿ, ಊಟದೊತ್ನಲ್ಲಿ" ಎಂದಳು ಎಲ್ಲರಿಗಿಂತ ಹಿರಿಯಳಾದ ಮಾರಕ್ಕ.

"ಊಟ ಆಮೇಲ್ ಮಾಡಾನ. ಎಲ್ರೂ ಒಂದ್ಸಲ ಲಾಡಿ ಸಡಿಲ ಮಾಡಿ ನೋಡ್ಕೊಳ್ಳಿ. ಕಪ್ಪಿದ್ರೆ ಎದ್ರಬೇಡಿ. ಸಿಪ್ಪೆ ಎದ್ದಿದ್ರೆ, ಹುಣ್ಣಾಗಿದ್ರೆ, ವಾಸಿ ಆಗ್ದೆ ಇದ್ರೆ ಬಾಯ್ ಬಿಟ್ಟು ಏಳಿ. ನಾನ್ ಎರಡ್ ವರ್ಷ ಮುಚ್ಚಿಟ್ಟೆ. ಮುಚ್ಚಿಟ್ಟಿದ್ಕೆ ಅಂಗೈಯಗಲ ಕೊಟ್ಟೆ."

ಮೊದಲು ನಾಚಿಕೆ, ಆಮೇಲೆ ನಗು. ನಿನ್ನದು ಡಾಂಬರು ರೋಡು, ನಿನ್ನದು ಮಣ್ಣುದಾರಿ ಎಂದು ಒಬ್ಬರ ಸೊಂಟ ಒಬ್ಬರು ನೋಡಿ ತಮಾಷೆ ಮಾಡಿದರು. ಕಪ್ಪು ಪಟ್ಟೆ ಇಲ್ಲದವಳು ಒಬ್ಬಳೂ ಇರಲಿಲ್ಲ. ಶರಣವ್ವ ಮಾತ್ರ ಎದ್ದೇಳಲಿಲ್ಲ. ಕೊಪ್ಪಳದ ಕಡೆಯವಳು, ಮೂವತ್ತೆಂಟರ ಹೆಂಗಸು; ಗಂಡ ಗೊರಗುಂಟೆಪಾಳ್ಯದಲ್ಲಿ ಗಾರೆ ಕೆಲಸ ಮಾಡುತ್ತಿದ್ದ. "ನಂದೇನ್ ಇಲ್ರಿ ಅಕ್ಕಾರ" ಎಂದು ಡಬ್ಬಿ ಮುಚ್ಚಿಕೊಂಡು ಹೊರಗೆ ಹೋದಳು.

ಮುನಿಕೃಷ್ಣಮ್ಮ ನಲ್ಲಿಯ ಹತ್ತಿರ ಅವಳನ್ನು ಹಿಡಿದಳು. "ನಾನೂ ಇಂಗೇ ಎದ್ದೋಗ್ತಿದ್ದೆ ಕಣೆ. ತೋರ್ಸು."

ಲಾಡಿಯ ಕೆಳಗೆ ಮಡಿಸಿಟ್ಟ ಕರವಸ್ತ್ರ ಇತ್ತು. ಅದರ ಕೆಳಗೆ ಹುಣ್ಣು. "ಎಂಟ್ ತಿಂಗಳಾತ್ರಿ" ಎಂದು ಶರಣವ್ವ ಅಳತೊಡಗಿದಳು. "ಯಾರಿಗೂ ಹೇಳಬ್ಯಾಡ್ರಿ. ಕೆಲಸ ಬಿಡಿಸಿದ್ರ ಏನ್ ಮಾಡ್ಲಿ? ನನಗ ಭಾಳ ಅಂಜಿಕಿ ಆಗೇತ್ರಿ."

"ಅಂಜ್ಕೊ. ಯಾರ್ ಬೇಡ ಅಂದ್ರು? ಅಂಜ್ಕೊಂಡೇ ಬಾ. ಶುಕ್ರವಾರ ಎಂಟ್ ಗಂಟೆಗೆ ಹೆಬ್ಬಾಳದ್ ಸ್ಟಾಪಲ್ಲಿ ನಿಂತಿರ್ತೀನಿ."

ಶುಕ್ರವಾರ ಹೊರರೋಗಿಗಳ ಸಾಲಿನಲ್ಲಿ ಕೂತಿದ್ದಾಗ ವಿಜಯ್ ಕುಮಾರನ ಫೋನು ಬಂತು.

"ಇವತ್ತು ಉತ್ತರ ಕೊಡ್ಬೇಕಿತ್ತಲ್ಲಮ್ಮ? ಹೇಳ್ದೆ ಕೇಳ್ದೆ ಇಬ್ರೂ ರಜ ಹಾಕಿದ್ರೆ ಹೆಂಗೆ?"

ಮುನಿಕೃಷ್ಣಮ್ಮ ಶರಣವ್ವನ ಮುಖ ನೋಡಿದಳು. ಅವಳು ಹೇಳಿ ಎಂಬಂತೆ ತಲೆಯಾಡಿಸಿದಳು.

"ಆಸ್ಪತ್ರೇಲಿದೀವಿ ಸಾರ್. ಶರಣವ್ವಂಗೂ ಅದೇ ಜಾಗದಲ್ಲಿ ಹುಣ್ಣು. ಇನ್ನೂ ಹನ್ನೆರಡ್ ಜನ ಅವರೆ, ಎಲ್ರಿಗೂ ಕಪ್ಪಿಟ್ಟೈತೆ. ಎಲ್ರನ್ನೂ ಟಾಯ್ಲೆಟ್ ಬ್ಲಾಕಿಗ್ ಹಾಕ್ತೀರಾ? ಅಷ್ಟ್ ಟಾಯ್ಲೆಟ್ ಇಲ್ವಲ್ಲ ನಮ್ ಸ್ಕೂಲಲ್ಲಿ."

ವಿಜಯ್ ಕುಮಾರ್ "ತೋರ್ಸ್ಕೊಂಡ್ ಬನ್ನಿ" ಎಂದು ಫೋನಿಟ್ಟ.

ಶರಣವ್ವನದು ಇನ್ನೂ ಕ್ಯಾನ್ಸರ್ ಆಗಿರಲಿಲ್ಲ. ಬಿಟ್ಟಿದ್ದರೆ ಆಗುವ ಹಾದಿಯಲ್ಲಿತ್ತು ಎಂದರು ಡಾಕ್ಟರ್ ಧನುಶ್ರೀ. ಜಾಗಕ್ಕೆ ಮಾತ್ರ ಅರಿವಳಿಕೆ ಕೊಟ್ಟು ಚಿಕ್ಕದಾಗಿ ತೆಗೆದು ಆರು ಹೊಲಿಗೆ ಹಾಕಿದರು. ಹೊಲಿಗೆ ಹಾಕುವಷ್ಟು ಹೊತ್ತೂ ಶರಣವ್ವ ಮುನಿಕೃಷ್ಣಮ್ಮನ ಹೆಬ್ಬೆರಳನ್ನು ಮುರಿಯುವ ಹಾಗೆ ಹಿಡಿದಿದ್ದಳು.

ವಿಜಯ್ ಕುಮಾರ್ ಒಂದು ದಾರಿ ತೋರಿಸಿದ: ಮುನಿಕೃಷ್ಣಮ್ಮ ತನಗೊಬ್ಬಳಿಗೆ ವಿನಾಯಿತಿ ಕೇಳಿ ಅರ್ಜಿ ಬರೆದುಕೊಟ್ಟರೆ ಮೇಲಿನವರಿಗೆ ಕಳಿಸುತ್ತೇನೆ, ಬಸ್ಸಿನ ಕೆಲಸವೂ ಉಳಿಯುತ್ತದೆ. ಆಕೆ ಅರ್ಜಿಯನ್ನೇನೋ ಬರೆಸಿದಳು, ಬಿಂದುಶ್ರೀಯ ಕೈಯಲ್ಲಿ. ಆದರೆ ಅದು ಒಬ್ಬಳ ಹೆಸರಿನಲ್ಲಿರಲಿಲ್ಲ. ಯಾರಿಗೆ ಸೀರೆ ಬೇಡವೋ ಅವರಿಗೆಲ್ಲ ಗೌನು ತೊಡಲು ಬಿಡಬೇಕು ಎಂದಿತ್ತು, ಕೆಳಗೆ ಹನ್ನೊಂದು ಸಹಿ. ಮಾರಕ್ಕ ಸಹಿ ಹಾಕಲಿಲ್ಲ. "ನಾನ್ ಸೀರೇಲೇ ಸಾಯೋಳು" ಅಂದಳು. "ಸಾಯೋದ್ ಇರ್ಲಿ, ಲಾಡಿ ಸಡಿಲ ಮಾಡ್ಕೊಂಡು ಬದುಕು" ಎಂದು ಮುನಿಕೃಷ್ಣಮ್ಮ ಅವಳಿಗೆ ಅಗಲ ಪಟ್ಟಿಯ ಲಂಗ ಹೊಲಿಸಿಕೊಟ್ಟಳು.

ಮೇಲಿನವರಿಂದ ಒಂದು ತಿಂಗಳಾದರೂ ಉತ್ತರ ಬರಲಿಲ್ಲ. ಒಂದು ಬುಧವಾರ ಬೆಳಿಗ್ಗೆ ಐದು ಜನ ಮರೂನ್ ಗೌನು ತೊಟ್ಟು ಒಟ್ಟಿಗೆ ಗೇಟಿಗೆ ಬಂದರು. ಶರಣವ್ವ ಎಲ್ಲರಿಗಿಂತ ಮುಂದಿದ್ದಳು. ವಿಜಯ್ ಕುಮಾರ್ ಒಬ್ಬೊಬ್ಬರನ್ನೂ ನೋಡಿದ, ಗಡಿಯಾರ ನೋಡಿದ. ಬಸ್ಸುಗಳು ಹೊರಡುವ ಹೊತ್ತು. ಗೇಟು ತೆಗೆದ. ಅವತ್ತಿನಿಂದ ಆ ಮಾತು ಅಲ್ಲಿ ಯಾರೂ ಎತ್ತಲಿಲ್ಲ. ಅನುಮತಿಯ ಕಾಗದವೂ ಬರಲಿಲ್ಲ, ಬೇಡವೆಂಬ ಕಾಗದವೂ ಬರಲಿಲ್ಲ.

ಎರಡನೆಯ ಸಲದ ತಪಾಸಣೆಗೆ ಮುನಿಕೃಷ್ಣಮ್ಮ ಒಬ್ಬಳೇ ಹೋದಳು. ಡಾಕ್ಟರು ಕಲೆಯ ಸುತ್ತ ಒತ್ತಿ, ತೊಡೆಸಂದಿ ಮುಟ್ಟಿ, ಸ್ಕ್ಯಾನಿನ ಕಾಗದ ಎರಡು ಸಲ ಓದಿದರು.

"ಈಗ ಚೆನ್ನಾಗಿದೆ ಅಮ್ಮ. ಆದ್ರೆ ಇನ್ನೂ ಕೆಲವು ವರ್ಷ ನೋಡ್ತಾನೇ ಇರ್ಬೇಕು. ಮತ್ತೆ ಬರೋದೇ ಇಲ್ಲ ಅಂತ ನಾನ್ ಗ್ಯಾರಂಟಿ ಕೊಡಕ್ಕಾಗಲ್ಲ."

ಮುನಿಕೃಷ್ಣಮ್ಮ ಗುಂಡಿ ಹಾಕಿಕೊಳ್ಳುತ್ತ ಎದ್ದಳು.

"ಗ್ಯಾರಂಟಿ ಕೇಳಿದ್ ಯಾರು? ಬಂದ್ರೆ ಬರ್ಲಿ, ನೀವಿದೀರ, ನಾನಿದೀನಿ. ಮುಂದಿನ ತಾರೀಕು ಬರ್ಕೊಡಿ. ಸೋಮವಾರ ಮಾತ್ರ ಬೇಡ ಡಾಕ್ಟ್ರೆ, ಅವತ್ತು ಮಕ್ಳು ಬಸ್ಸಲ್ಲಿ ಜಾಸ್ತಿ ಅಳ್ತವೆ."